ತಾಸಿಗೆ ಎಂಟು

೧೯೩೯ ಜನವರಿ ೨೨, ಸವಣೂರು

ನಿನ್ನೆ ತರುಣ ಸಂಘದಲ್ಲಿ ಮತ್ತೆ ನನ್ನ ಹೆಸರು ಹೇಳಿ ಚಪ್ಪಾಳೆ ಹೊಡೆದರು. ‘ಚನ್ನವೀರಪ್ಪನಂಥ ತರುಣರು ಊರಿಗೊಬ್ಬರಿದ್ದರೆ ಸಾಕು, ಇಂಗ್ಲಿಷರು ತಾವಾಗಿಯೇ ಗಂಟು ಕಟ್ಟುತ್ತಾರೆ’ ಎಂದರು ಅಧ್ಯಕ್ಷರು. ಕಳೆದ ವಿಜಯದಶಮಿಯಂದು ನಾನು ಸಭೆಯ ನಡುವೆ ಎದ್ದು ನಿಂತು, ಸ್ವರಾಜ್ಯ ಬರುವವರೆಗೆ ಬ್ರಹ್ಮಚರ್ಯ ಎಂದು ಮಾಡಿದ ಪ್ರತಿಜ್ಞೆಯ ಪ್ರತಾಪ ಇದು. ಆಗ ನನ್ನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ದೀಪಾವಳಿಗೆಂದು ಹಂಸಭಾವಿಯ ತವರಿಗೆ ಹೋದ ಸರೋಜವ್ವನನ್ನು ಕರೆತರಲು ನಾನು ಹೋಗಲೇ ಇಲ್ಲ. ದೇಶ ದೊಡ್ಡದು, ಸಂಸಾರ ಸಣ್ಣದು. ಇದನ್ನೂ ಭಾಷಣದಲ್ಲಿ ಹೇಳಿದ್ದೆ. ಅದಕ್ಕೂ ಚಪ್ಪಾಳೆ.

ಇಲ್ಲಿ ನನ್ನ ಹೊರತು ಓದುವವರಿಲ್ಲ, ಆದ್ದರಿಂದ ನಿಜ ಬರೆಯುತ್ತೇನೆ. ಆ ಪ್ರತಿಜ್ಞೆಗೆ ಸ್ವಲ್ಪ ದಿನ ಮುಂಚೆ, ಸ್ನಾನ ಮಾಡುವಾಗ, ಎಡಗಡೆಯ ವೃಷಣದ ಮೇಲೆ ಏನೋ ಕೈಗೆ ಹತ್ತಿತು. ಮೆತ್ತಗೆ, ಗಂಟುಗಂಟಾಗಿ, ಎರೆಹುಳುಗಳನ್ನು ಚೀಲದಲ್ಲಿ ಕಟ್ಟಿಟ್ಟ ಹಾಗೆ. ನಮ್ಮದು ಎಲೆಬಳ್ಳಿಯ ತೋಟ. ಎಲೆ ಕೊಯ್ಯುವ ದಿನ ಬೆಳಗಿನಿಂದ ಏಣಿಯ ಮೇಲೆ ನಿಂತಿರುತ್ತೇನೆ. ಸಂಜೆಗೆ ಅದು ಜೋತುಬಿದ್ದು ಎಳೆಯುತ್ತದೆ, ಮೈ ಬಿಸಿಯಾದ ಹಾಗೆ ಅನಿಸುತ್ತದೆ. ನನ್ನ ಬಳಿಯಿರುವ ಆರೋಗ್ಯದ ಪುಸ್ತಿಕೆಯಲ್ಲಿ ಇದರ ವರ್ಣನೆ ಅಕ್ಷರಶಃ ಇದೆ. ಇದು ಯೌವನವನ್ನು ಪೋಲು ಮಾಡಿದವರಿಗೆ ಬರುವ ರೋಗವಂತೆ. ರಕ್ತ ಅಲ್ಲಿ ನಿಂತು ಕೊಳೆಯುತ್ತದೆ. ಆ ವಿಷ ಸರ್ವಾಂಗಕ್ಕೂ ವ್ಯಾಪಿಸಿ, ಪತ್ನಿಗೂ ಹುಟ್ಟುವ ಸಂತಾನಕ್ಕೂ ತಗಲುತ್ತದೆ. ‘ಇಂಥವನು ವಿವಾಹದ ಮಾತೆತ್ತುವುದೂ ಪಾತಕ.’

ನಾನು ಯೌವನವನ್ನು ಪೋಲು ಮಾಡಿದವನಲ್ಲ. ಗರಡಿಮನೆಯಲ್ಲಿ ಬೆಳೆದವನು. ಹದಿನಾರನೆಯ ವರ್ಷದಲ್ಲಿ ಏನು ಆಯಿತೋ ಅದು... ಇರಲಿ.

ಹೆದರಿ ಪ್ರತಿಜ್ಞೆ ಮಾಡಿದನೆಂದು ಯಾರೂ ತಿಳಿಯಬಾರದು. ನಾನೂ ಹಾಗೆ ತಿಳಿಯುವುದಿಲ್ಲ.

೧೯೩೯ ಫೆಬ್ರುವರಿ ೨

ಮಾವ ಶಂಕ್ರಪ್ಪನವರು ಹಂಸಭಾವಿಯಿಂದ ಬಂದಿದ್ದರು. ಕೈಕಾಲು ತೊಳೆದು, ಕಂಬಕ್ಕೆ ಆತು ಕುಳಿತು, ಅವ್ವ ಕೊಟ್ಟ ನೀರು ಕುಡಿದು, ಮೊದಲು ಕೇಳಿದ್ದೇ ಇದು:

‘ಅಳಿಯಂದ್ರ, ಸ್ವರಾಜ್ಯ ಬರೂದು ಯಾವ ತಾರೀಖಿಗೆ? ನಮ್ಮ ಹುಡುಗೀನ್ನ ಅವತ್ತ ಕಳಸ್ತೇನಿ.’

‘ಮಾವಾರ, ಇದು ಚೇಷ್ಟಾ ಮಾಡೂ ಮಾತಲ್ರಿ. ದೇಶ ಸಂಕಟದಾಗ ಐತಿ.’

‘ನಮ್ಮ ಮನೀನೂ ದೇಶದಾಗ ಐತ್ರೀಪಾ. ಅದಕ್ಕೂ ಒಂದಿಷ್ಟ ಸಂಕಟ ಆಗಾಕತ್ತೈತಿ.’

ಅವ್ವ ಒಳಗಿನಿಂದ, ‘ಅವನ ತಲ್ಯಾಗ ಪುಸ್ತಕ ಹೊಕ್ಕಾವ್ರಿ ಬೀಗರ, ಹ್ಯಾಂಗ ತಗೀಬೇಕೋ ನನಗಂತೂ ತಿಳೀವಲ್ದು’ ಎಂದಳು. ನನ್ನ ಸ್ವಂತ ತಾಯಿ!

ಮಾವ ಆಮೇಲೆ ಚೇಷ್ಟೆ ಬಿಟ್ಟರು. ಸರೋಜವ್ವನ ಬಗ್ಗೆ ಬಾವಿಕಟ್ಟೆಯಲ್ಲಿ ಮಾತು ಸುರುವಾಗಿದೆಯಂತೆ. ಗಂಡ ಬಿಟ್ಟವಳು, ಏನೋ ಐಬು ಇರಬೇಕು ಎನ್ನುತ್ತಾರಂತೆ. ಶಿವರಾತ್ರಿ ಮುಗಿಯುವುದರೊಳಗೆ ನಾನು ಹೋಗಿ ಆಕೆಯನ್ನು ಕರೆತರಬೇಕು. ಇಲ್ಲವಾದರೆ ಪಂಚರ ಮುಂದೆ ಸೋಡಚೀಟಿ ಕೊಟ್ಟು ಬಿಡುಗಡೆ ಮಾಡಬೇಕು. ಚಿಕ್ಕೇರೂರಿನ ವಿಧುರನೊಬ್ಬ ಆಕೆಯನ್ನು ಉಡಿಕಿ, ಅಂದರೆ ಮರುಮದುವೆ, ಮಾಡಿಕೊಳ್ಳಲು ತಯಾರಿದ್ದಾನೆ.

‘ನಿಮ್ಮ ವ್ರತಕ್ಕ ನಾ ಅಡ್ಡ ಬರೂದಿಲ್ಲ,’ ಎಂದರು ಮಾವ. ‘ನನ್ನ ಮಗಳು ಮಾತ್ರ ಯಾವ ವ್ರತಾನೂ ಹಿಡದಿಲ್ಲ.’

ಇದಕ್ಕೆ ಪುಸ್ತಿಕೆಗಳಲ್ಲಿ ಉತ್ತರವಿರಬೇಕು. ಹುಡುಕುತ್ತೇನೆ.

೧೯೩೯ ಫೆಬ್ರುವರಿ ೬

ಉತ್ತರ ಸಿಗಲಿಲ್ಲ. ಹಾನಗಲ್ಲಿನಲ್ಲಿ ಮುಂಬಯಿಯಲ್ಲಿ ಕಲಿತು ಬಂದ ಡಾಕ್ಟರೊಬ್ಬರಿದ್ದಾರೆ, ದಿಲಾವರ ಎಂದು ಹೆಸರು. ಅಲ್ಲಿ ನನ್ನನ್ನು ಬಲ್ಲವರಿಲ್ಲ. ರಕ್ತ ಕೆಟ್ಟಿದೆಯೋ ಇಲ್ಲವೋ ಖಚಿತವಾಗಲಿ. ಕೆಟ್ಟಿದ್ದರೆ ಆಕೆಯನ್ನು ಬಿಡುವುದೇ ಧರ್ಮ. ಅವ್ವನಿಗೆ ಖಾದಿ ಭಂಡಾರದ ಕೆಲಸ ಎಂದು ಹೇಳಿದ್ದೇನೆ.

೧೯೩೯ ಫೆಬ್ರುವರಿ ೯, ಹಾನಗಲ್ಲಿನಿಂದ ಬಂದು

ನಡೆದದ್ದನ್ನು ಕ್ರಮವಾಗಿ ಬರೆಯಬೇಕು.

ದಿಲಾವರ ಡಾಕ್ಟರು ನನಗಿಂತ ಬಹಳ ದೊಡ್ಡವರೇನಲ್ಲ. ಬಾಗಿಲು ಹಾಕಿ ನನ್ನನ್ನು ನಿಲ್ಲಿಸಿ ನೋಡಿದರು, ಮಲಗಿಸಿ ನೋಡಿದರು. ಮಲಗಿದಾಗ ಗಂಟು ಇಳಿದುಹೋಗುತ್ತದೆ. ಅದನ್ನು ನಾನು ಗಮನಿಸಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

‘ಏನ್ ಕೆಲಸಾ ಮಾಡ್ತೀರಿ?’

‘ಎಲಿತೋಟ ಐತ್ರಿ. ಕುಯ್ಲಿಗೆ ಏಣಿ ಮ್ಯಾಲ ನಿಂದರತೇನಿ.’

‘ಹಂಗಾದ್ರ ಸರಿ. ರಕ್ತ ಮ್ಯಾಲ ಹತ್ತಬೇಕಲ್ಲ, ಅದಕ್ಕ ನರದಾಗ ಸಣ್ಣ ಸಣ್ಣ ಬಾಗಿಲಾ ಇರ್ತಾವ. ನಿಮ್ಮವು ಸಡ್ಲ ಆಗ್ಯಾವ. ರಕ್ತ ಕೆಳಗ ಜಾರಿ ನರಾ ಉಬ್ಯಾವ. ಅಷ್ಟ.’

‘ಅಷ್ಟ ಅಲ್ರಿ. ಅಲ್ಲಿ ರಕ್ತ ಕೊಳತು ವಿಷ ಆಗತೈತಿ. ನಾ ಓದೇನಿ.’

‘ಬರದಾಂವ ಡಾಕ್ಟರನೋ, ಔಷಧ ಮಾರಾಂವನೋ?’

ಪುಸ್ತಿಕೆಯ ಕೊನೆಯ ಪುಟದಲ್ಲಿ ಧಾತುಪುಷ್ಟಿ ಲೇಹ್ಯದ ಜಾಹೀರಾತು ಇರುವುದು ನೆನಪಾಯಿತು. ಅದನ್ನು ಹೇಳುವುದರ ಬದಲಿಗೆ ಸಂಜೆ ಮೈ ಬಿಸಿಯಾಗುವ ಸಂಗತಿ ಹೇಳಿದೆ. ಡಾಕ್ಟರು ಆಗ ನಗುವುದನ್ನು ನಿಲ್ಲಿಸಿದರು.

‘ಆ ಜಾಗಾದಾಗ ಕ್ಷಯದ ಗಂಟೂ ಆಗತೈತಿ. ನಿಮ್ಮದು ಅದಲ್ಲ ಅಂತ ನನ್ನ ಕೈ ಹೇಳ್ತೈತಿ. ಆದ್ರ ಜ್ವರಾ ಅಂತೀರಿ. ರಕ್ತದಾಗ ಉರಿ ಐತೋ ಇಲ್ಲೋ ನೋಡಿಬಿಡೂಣು.’

ತೋಳಿನಿಂದ ರಕ್ತ ತೆಗೆದು, ಅದು ಹೆಪ್ಪುಗಟ್ಟದಂತೆ ಏನೋ ಬೆರೆಸಿ, ಜೋಳದ ದಂಟಿಗಿಂತ ತೆಳ್ಳಗಿನ ಉದ್ದನೆಯ ಗಾಜಿನ ಕೊಳವೆಗೆ ಏರಿಸಿ, ಮರದ ಚೌಕಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿದರು. ಕೊಳವೆಯ ಮೇಲೆ ಗೆರೆಗಳು, ಇನ್ನೂರರವರೆಗೆ ಅಂಕಿಗಳು. ಒಂದು ತಾಸು ಬಿಟ್ಟು ನೋಡಬೇಕಂತೆ. ಅಷ್ಟರಲ್ಲಿ ಯಾರದೋ ಮನೆಯಲ್ಲಿ ಹೆರಿಗೆ ಕಷ್ಟವಾಗಿದೆಯೆಂದು ಟಾಂಗಾ ಬಂತು, ಡಾಕ್ಟರು ಪೆಟ್ಟಿಗೆ ಹಿಡಿದು ಹೊರಟರು. ನಾನು ಕಂಪೌಂಡರ ಹೂವಪ್ಪನ ಜತೆ ಉಳಿದೆ.

ನನ್ನ ಕೊಳವೆಯ ಪಕ್ಕದಲ್ಲಿ ಇನ್ನೊಂದು ಕೊಳವೆ ಇತ್ತು. ಅದು ಬಾಗಿಲಲ್ಲಿ ಕೆಮ್ಮುತ್ತ ಕುಳಿತಿದ್ದ ನೇಕಾರನದು. ಅವನ ಕೊಳವೆಯಲ್ಲಿ ಹೊತ್ತು ಹೋದಂತೆ ಕೆಂಪು ಕೆಳಗೆ ಕೂತು ಮೇಲೆ ಹೊಂಬಣ್ಣದ ತಿಳಿನೀರು ಬೆಳೆಯುತ್ತ ಹೋಯಿತು. ಮಳೆಗಾಲದ ರಾಡಿ ನೀರನ್ನು ಹಂಡೆಯಲ್ಲಿ ಬಿಟ್ಟರೆ ತಿಳಿಯಾಗುವುದಿಲ್ಲವೆ, ಹಾಗೆ. ನನ್ನದು ತಿಳಿಯಾಗಲೇ ಇಲ್ಲ. ಮೇಲೆ ಉಗುರಿನಗಲದಷ್ಟು ತಿಳಿ; ಉಳಿದದ್ದೆಲ್ಲ ಕೆಂಪು ರಾಡಿ. ತಾಸು ತುಂಬಿದ ಮೇಲೆ ಹೂವಪ್ಪ ಬಗ್ಗಿ ನೋಡಿದ.

‘ನಿಮ್ಮದು ಎಂಟ್ರಿ.’

‘ಅವಂದು?’

‘ಅವಂದು ತೊಂಬತ್ತ.’

ಇನ್ನೂರಕ್ಕೆ ಎಂಟು! ಕೆಮ್ಮುವ ಆ ಬಡಪಾಯಿಗೆ ತೊಂಬತ್ತು, ಗರಡಿಯಲ್ಲಿ ಸಾಮು ಮಾಡಿದ ನನಗೆ ಎಂಟು. ಅವನ ರಕ್ತದಲ್ಲಿ ಅಷ್ಟು ಶುದ್ಧಿ ಇದೆ, ನನ್ನಲ್ಲಿ ಇಲ್ಲ. ನಿಜ ಹೇಳಬೇಕೆಂದರೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

‘ಕುಂತ್ರಿ, ಸಾಹೇಬ್ರು ಬಂದು ತಿಳಿಸಿ ಹೇಳ್ತಾರ,’ ಎಂದ ಹೂವಪ್ಪ.

‘ತಿಳಿಯೂದೇನೂ ಉಳದಿಲ್ಲ,’ ಎಂದು ಎದ್ದು ಬಂದೆ.

೧೯೩೯ ಫೆಬ್ರುವರಿ ೧೦

ಎಂಟು.

೧೯೩೯ ಫೆಬ್ರುವರಿ ೧೪

ಸಂಘದವರು ಭಾಷಣಕ್ಕೆ ಕರೆದರು. ಗಂಟಲು ಕೆಟ್ಟಿದೆ ಎಂದೆ. ಅವ್ವ ಊಟಕ್ಕೆ ಕುಳಿತಾಗ, ‘ಖಾದಿ ಭಂಡಾರದಾಗ ಏನರ ಬೈದ್ರೇನೋ?’ ಎಂದಳು. ರೊಟ್ಟಿ ಮುರಿದು ಹಾಗೇ ಇಟ್ಟೆ.

ನಿರ್ಧಾರ ಮಾಡಿದ್ದೇನೆ. ಹಂಸಭಾವಿಗೆ ನಾನೇ ಹೋಗುತ್ತೇನೆ. ಪಂಚರ ಮುಂದೆ ನಿಂತು ಸೋಡಚೀಟಿ ಕೊಡುತ್ತೇನೆ. ಹುಡುಗಿಯಲ್ಲಿ ಸಾಸಿವೆಯಷ್ಟೂ ದೋಷವಿಲ್ಲ, ದೋಷ ನನ್ನದು ಎಂದು ಗಟ್ಟಿಯಾಗಿ ಹೇಳುತ್ತೇನೆ. ಚಿಕ್ಕೇರೂರಿನವನ ರಕ್ತ ಶುದ್ಧವಾಗಿರಲಿ. ಚಪ್ಪಾಳೆ ಇಲ್ಲದ ಮೊದಲನೆಯ ತ್ಯಾಗ ಇದು. ಆದ್ದರಿಂದ ಇದೇ ನಿಜವಾದದ್ದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ. ಸಮಾಧಾನ ಆಗುತ್ತಿಲ್ಲ.

ಆಕೆ ಅಡಿಗೆ ಮಾಡುವಾಗ ತನ್ನಷ್ಟಕ್ಕೆ ತಾನೇ ಮಾತಾಡುವ ರೂಢಿ ಇತ್ತು. ಒಲೆಯ ಜತೆ ಜಗಳ, ಬೆಕ್ಕಿನ ಜತೆ ಜಗಳ. ಅದು ಈಗ ಯಾಕೆ ನೆನಪಾಯಿತೋ.

೧೯೩೯ ಫೆಬ್ರುವರಿ ೧೯, ಹಂಸಭಾವಿ

ಮಾವನ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಬಿಸಿಲು ಇನ್ನೂ ಇದೆ.

ಬೆಳಗ್ಗೆ ಬಂದು ಸೋಡಚೀಟಿ ಕೊಡಲು ತಯಾರಿದ್ದೇನೆ ಎಂದಾಗ ಮಾವನ ಮುಖ ಬಿದ್ದುಹೋಯಿತು. ಹೆದರಿಸಿದರೆ ಕರೆದುಕೊಂಡು ಹೋಗುತ್ತಾನೆ ಎಂದುಕೊಂಡಿದ್ದರೆಂದು ತೋರುತ್ತದೆ. ನಾಳೆ ಪಂಚರನ್ನು ಕರೆಸುವುದಾಗಿ ಹೇಳಿ ಆಳನ್ನು ಕಳಿಸಿದರು. ಸರೋಜವ್ವನಿಗೆ ಒಂದು ಮಾತು ಹೇಳಬೇಕು ಎಂದೆ. ಆಕೆ ಹಿತ್ತಲಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಎದ್ದು ನಿಲ್ಲಲಿಲ್ಲ.

‘ಸ್ವರಾಜ್ಯ ಬಂತೇನ್ರಿ?’ ಎಂದಳು.

ಸಿದ್ಧ ಮಾಡಿಕೊಂಡು ಬಂದ ಮಾತುಗಳೆಲ್ಲ ಅಲ್ಲಿಗೇ ಮುಗಿದವು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಗಂಟು, ಪುಸ್ತಿಕೆ, ಹೆದರಿಕೆ, ಹಾನಗಲ್ಲು, ಕೊಳವೆ. ಹೆಂಗಸಿನ ಮುಂದೆ ಇಂಥ ಮಾತು ಆಡುತ್ತೇನೆಂದು ನಾನು ಎಂದೂ ಅಂದುಕೊಂಡಿರಲಿಲ್ಲ. ಮೆಣಸಿನಕಾಯಿಯ ಘಾಟಿಗೆ ಕಣ್ಣಲ್ಲಿ ನೀರು ಬೇರೆ. ಆಕೆ ಅಳು ಎಂದು ತಿಳಿದಳೋ ಏನೋ, ಒಂದು ಮಣೆ ನನ್ನ ಕಡೆ ಸರಿಸಿದಳು.

‘ಹಂಗಾದ್ರ ನಾ ಬ್ಯಾಡಾಗಿ ಅಲ್ಲ,’ ಎಂದಳು. ಕೇಳಿದ್ದೋ, ತನಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ.

‘ಅಲ್ಲ.’

ಸ್ವಲ್ಪ ಹೊತ್ತು ತೊಟ್ಟು ಮುರಿದಳು. ಆಮೇಲೆ ಕೈ ನಿಲ್ಲಿಸಿ, ‘ಎಂಟು ಅಂದ್ರಲ್ಲ. ಎಷ್ಟಕ್ಕ ಎಂಟು?’

‘ಇನ್ನೂರಕ್ಕ.’

‘ಎಂಟು ಬಂದ್ರ ಕೆಟ್ಟದ್ದು ಅಂತ ಯಾರಂದ್ರು?’

‘ಯಾರಂದ್ರು ಅಂದ್ರ... ಇನ್ನೂರಕ್ಕ ಎಂಟು ಅಂದ್ರ ನಾಪಾಸ ಅಲ್ಲೇನು?’

‘ಡಾಕ್ಟರ ಏನಂದ್ರು?’

‘ಅವರು ಬರೂದ್ರಾಗ ನಾ ಎದ್ದು ಬಂದೆ.’

ಆಕೆ ನನ್ನನ್ನು ನೋಡಿದ ರೀತಿಯನ್ನು ಬರೆಯಲು ಬರುವುದಿಲ್ಲ. ‘ಎದ್ದು ಹೋಗೂದು ನಿಮಗ ಚಟಾನ ಆಗೈತಿ ನೋಡ್ರಿ,’ ಎಂದಳು. ‘ಜ್ವರಕ್ಕ ನೂರಾ ಮೂರು ಬಂದ್ರ ಊರಿಗೆಲ್ಲಾ ಪೇಢಾ ಹಂಚ್ತೀರೇನು?’

ಆಕೆ ಸರಿಸಿದ ಮಣೆಯ ಮೇಲೆ ಆಗ ಕುಳಿತೆ.

‘ಆ ಡಾಕ್ಟರನ ಮುಂದ ಕುಂತು ಪೂರಾ ಕೇಳಬೇಕು. ನೀವಷ್ಟ ಅಲ್ಲ, ನಾನೂ ಬರತೇನಿ. ನಿಮ್ಮ ಕಿವಿ ಮ್ಯಾಲ ನನಗ ಭರೋಸಾ ಇಲ್ಲ.’

‘ಹೆಣ್ಣಮಗಳು ಇಂಥಾದ್ದಕ್ಕ ಬಂದ್ರ ಮಂದಿ ಏನಂತಾರು?’

‘ಈಗ ಏನನ್ನಾಕತ್ತಾರ, ಗೊತ್ತೈತೇನು? ಅದಕ್ಕಿಂತಾ ಛಲೋದ ಅಂತಾರ.’

ಒಳಗೆ ಹೋಗಿ ತಂದೆಗೆ ಏನು ಹೇಳಿದಳೋ, ಪಂಚರನ್ನು ಕರೆಯಲು ಹೋದ ಆಳನ್ನು ಅರ್ಧ ದಾರಿಯಿಂದ ತಿರುಗಿ ಕರೆಸಿದರು. ನಾಡಿದ್ದು ಮೂವರೂ ಹಾನಗಲ್ಲಿಗೆ. ಡಾಕ್ಟರು ಕೆಟ್ಟದ್ದು ಎಂದರೆ ಆಕೆ ಮಾವನ ಜತೆ ಅಲ್ಲಿಂದಲೇ ತಿರುಗಿ ಹಂಸಭಾವಿಗೆ.

ಈಗ ಒಳಗೆ ಒಲೆಯನ್ನು ಬೈಯುವ ಸದ್ದು ಕೇಳುತ್ತಿದೆ.

೧೯೩೯ ಫೆಬ್ರುವರಿ ೨೧, ಸವಣೂರು

ಎಲ್ಲ ತಲೆಕೆಳಗಾಯಿತು. ಒಳ್ಳೆಯದಕ್ಕೆ.

ದಿಲಾವರ ಡಾಕ್ಟರು ನನ್ನನ್ನು ಬಾಗಿಲಲ್ಲಿ ಕಂಡವರೇ, ‘ಅರೇ ಎಂಟನೇ ನಂಬರ! ಎಲ್ಲಿ ಹಾಳಾಗಿ ಹೋಗಿದ್ದೆಪಾ?’ ಎಂದು ಕೂಗಿದರು. ಸಿಟ್ಟಿನಲ್ಲಿ ಬಹುವಚನ ಹೋಗಿತ್ತು. ‘ರೋಗ ಇಲ್ಲಂತ ಹೇಳಬೇಕಂದ್ರ ರೋಗೀನ ಇಲ್ಲ!’

ಮಾವ ಹೊರಗಿನ ಬಾಕಿನ ಮೇಲೆ ಕುಳಿತರು. ಸರೋಜವ್ವ ಸೆರಗು ಹೊದ್ದುಕೊಂಡು ಒಳಗೆ ಬಂದು ನಿಂತಳು. ಡಾಕ್ಟರು ಒಮ್ಮೆ ಆಕೆಯನ್ನೂ ಒಮ್ಮೆ ನನ್ನನ್ನೂ ನೋಡಿ ಕುರ್ಚಿ ತೋರಿಸಿದರು.

ಸಾರ ಇಷ್ಟು. ರಕ್ತದಲ್ಲಿ ಉರಿ ಇದ್ದರೆ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ಬೇಗನೆ ತಳಕ್ಕೆ ಇಳಿಯುತ್ತವೆ. ಉರಿ ಇಲ್ಲದಿದ್ದರೆ ಸಾವಕಾಶ. ತಾಸಿಗೆ ಎಷ್ಟು ಗೆರೆ ಇಳಿಯಿತು ಎಂಬುದೇ ಲೆಕ್ಕ. ನನ್ನದು ಎಂಟು ಗೆರೆ. ಅದು ಗಟ್ಟಿಮುಟ್ಟಾದ ಆಳಿನ ರಕ್ತ.

‘ಇದೇನು ಸಾಲಿ ಮುಲ್ಕಿ ಪರೀಕ್ಷಾ ಅಲ್ಲ,’ ಎಂದರು ಡಾಕ್ಟರು. ‘ಇಲ್ಲಿ ಹೆಚ್ಚು ಮಾರ್ಕು ತಗೊಂಡಾವಗ ಕಷ್ಟ.’

‘ಆ ನೇಕಾರ?’

ಡಾಕ್ಟರು ದನಿ ತಗ್ಗಿಸಿದರು. ‘ಕ್ಷಯ. ದೊಡ್ಡ ದವಾಖಾನಿಗೆ ಕಳಸೇನಿ. ನೋಡಬೇಕು.’

ನಾನು ಹೊಟ್ಟೆಕಿಚ್ಚು ಪಟ್ಟದ್ದು ಆ ತಿಳಿನೀರಿನ ಮೇಲೆ.

ಜ್ವರದ ಕಡ್ಡಿ ಬಾಯಲ್ಲಿಟ್ಟು ನೋಡಿದರು, ಜ್ವರವಿಲ್ಲ. ಮನೆಯಲ್ಲಿ ಕಡ್ಡಿ ಇಟ್ಟು ನೋಡಿದ್ದೆಯಾ ಎಂದು ಕೇಳಿದರು. ಇಲ್ಲ, ಕೈ ಮುಟ್ಟಿ ನೋಡಿಕೊಂಡಿದ್ದೆ ಎಂದೆ. ‘ದಿನಾ ಬಿಸಲಾಗ ನಿಂತಾವನ ಹಣಿ ಸಂಜೀಕ ತಣ್ಣಗ ಇರತೈತೇನು?’ ಎಂದರು.

ನನ್ನ ಹಠ ಪೂರ್ತಿ ಸತ್ತಿರಲಿಲ್ಲ. ‘ಆದ್ರ ಈ ನರದ ರೋಗದಿಂದ ರಕ್ತ ಕೆಡೂದಿಲ್ಲ ಅಂತ ಹ್ಯಾಂಗ ಹೇಳ್ತೀರಿ?’ ಎಂದೆ.

‘ಈ ರೋಗ ಇದ್ದ ಬ್ಯಾರೆಯವರ ರಕ್ತಾನೂ ಹಿಂಗ ಇಳಿಸಿ ನೋಡೇನಿ. ಉರಿ ಕಂಡಿಲ್ಲ. ನಾ ಕಂಡಷ್ಟ ಹೇಳತೇನಿ. ನಾಳೆ ಇದಕ್ಕಿಂತಾ ಸೂಕ್ಷ್ಮ ಪರೀಕ್ಷಾ ಬಂದ್ರ ಮತ್ತೇನರ ಕಂಡೀತು. ನಿಮ್ಮ ಪುಸ್ತಕದಾಂವ ಮಾತ್ರ ಒಬ್ಬರದೂ ನೋಡಿಲ್ಲ, ಅದನ್ನ ಬರದು ಕೊಡತೇನಿ.’

ಸರೋಜವ್ವ ನೆಲ ನೋಡುತ್ತ ಕೇಳಿದಳು: ‘ಮಕ್ಕಳ ಮಾತು ಏನ್ರಿ?’

‘ನಾ ಅಲ್ಲಾಹ ಅಲ್ಲವಾ ತಂಗಿ, ಗ್ಯಾರಂಟಿ ಕೊಡಾಕ. ಇದು ಇದ್ದವರ ಮನ್ಯಾಗ ತೊಟ್ಟಿಲಾ ತೂಗೂದನ್ನ ಕಣ್ಣಾರೆ ನೋಡೇನಿ. ಕೆಲವರಿಗೆ ತಡಾ ಆಗತೈತಿ. ಬಾಳ ತಡಾ ಆದ್ರ ಶಸ್ತ್ರಕ್ರಿಯಾ ಐತಿ. ಆದ್ರ ಒಂದು ಮಾತು ಖರೆ. ನೀ ಹಂಸಭಾವ್ಯಾಗ, ಇಂವ ಸವಣೂರಾಗ ಇದ್ರ ಮಾತ್ರ ಆಗೂದಿಲ್ಲ.’

ಹೂವಪ್ಪ ಔಷಧದ ಕಪಾಟಿನ ಕಡೆ ಮುಖ ತಿರುಗಿಸಿ ನಿಂತ. ಅವನ ಭುಜ ಅಲುಗುತ್ತಿತ್ತು.

ಔಷಧವೆಂದರೆ ಬಿಗಿಯಾದ ಲಂಗೋಟಿ, ತಣ್ಣೀರು, ಕುಯ್ಲಿನ ನಡುವೆ ಏಣಿಯಿಂದ ಇಳಿದು ಒಂದಿಷ್ಟು ಹೊತ್ತು ಮಲಗುವುದು. ಹೊರಡುವಾಗ ಡಾಕ್ಟರು ನನ್ನೊಬ್ಬನನ್ನೇ ತಡೆದು, ‘ನಿಮ್ಮ ತೋಟಪಟ್ಟಿಯೊಳಗ ಹಿಂಗ ಮುಚಗೊಂಡು ಹೆದರಿದಾವ್ರು ಬಾಳ ಮಂದಿ ಇರಬೇಕು. ಕರಕೊಂಡ ಬಾ,’ ಎಂದರು.

ಮೋಟಾರು ನಿಲ್ಲುವ ಜಾಗಕ್ಕೆ ಬಂದೆವು. ಹಿರೇಕೆರೂರಿನ ಕಡೆ ಹೋಗುವ ಮೋಟಾರು ಒಂದು, ಬಂಕಾಪುರದ ಮೇಲೆ ಸವಣೂರಿಗೆ ಹೋಗುವುದು ಒಂದು, ಎರಡೂ ನಿಂತಿದ್ದವು. ಮಾವನ ಕೈಯಲ್ಲಿ ಆಕೆಯ ಬಟ್ಟೆಯ ಗಂಟು. ಯಾವುದರಲ್ಲಿ ಇಡಬೇಕು ಎಂದು ಮುಖ ನೋಡಿದರು. ನಾನು ಸವಣೂರಿನ ಮೋಟಾರಿನ ಕಡೆ ಕೈ ಮಾಡಿದೆ.

ಸರೋಜವ್ವ ಕದಲಲಿಲ್ಲ. ‘ನಿಮ್ಮ ವ್ರತದ ಗತಿ ಏನು? ಮಂದ್ಯಾಗ ಎದ್ದು ನಿಂತು ಹಿಡದ್ರಿ. ನನಗ ಬಾವ್ಯಾಗ ನೀರ ಸೇದೂ ಮುಂದ ಯಾರೋ ಹೇಳಿದ್ರು. ಈಗ ಬಿಡೂದನ್ನೂ ಮಂದ್ಯಾಗ ಹೇಳ್ರಿ.’

ಸುತ್ತ ಜನ. ಶೇಂಗಾ ಮಾರುವವಳು, ಕುರಿ ಹಿಡಿದವರು, ಕಿಟಕಿಯಿಂದ ತಲೆ ಹಾಕಿದವರು. ಸಭೆಯಲ್ಲಿ ಇದಕ್ಕಿಂತ ಹೆಚ್ಚು ಜನರ ಮುಂದೆ ನಾನು ಎಂದೂ ತೊದಲಿಲ್ಲ.

‘ಬಿಟ್ಟೆ,’ ಎಂದೆ.

‘ಕೇಳ್ಲಿಲ್ಲ.’

‘ಬಿಟ್ಟೆ!’ ಎಂದು ಕೂಗಿದೆ.

‘ಎಲ್ಲಿ ಬಿಟ್ಟೇವ್ರಿ?’ ಎಂದು ಮೋಟಾರಿನ ಕಂಡಕ್ಟರ ಗಾಬರಿಯಾಗಿ ಇಳಿದು ಬಂದ. ‘ಇನ್ನೂ ಟಾಯಿಮ ಐತಿ, ಸಾವಕಾಶ ಹತ್ರಿ!’

ಆಕೆ ನಕ್ಕಳು. ಸೆರಗು ಬಾಯಿಗೆ ಅಡ್ಡ ಹಿಡಿದು, ಬಗ್ಗಿ, ಗಂಟಿನ ಮೇಲೆ ಕೈಯೂರಿ ನಕ್ಕಳು. ಮಾವನೂ ನಕ್ಕರು. ಕಾರಣ ತಿಳಿಯದೆ ಕಂಡಕ್ಟರನೂ ನಕ್ಕ. ಮೋಟಾರು ಬಂಕಾಪುರ ದಾಟುವವರೆಗೂ ಆಕೆಗೆ ನಡುನಡುವೆ ನಗು ಬರುತ್ತಿತ್ತು. ನನಗೇನೂ ಬೇಸರವಾಗಲಿಲ್ಲ.

ಅವ್ವ ಬಾಗಿಲಲ್ಲಿ ಆಕೆಯನ್ನು ನೋಡಿ ಆರತಿ ಎತ್ತುವುದನ್ನೂ ಮರೆತು, ‘ಉಂಡಿಯೇನವಾ?’ ಎಂದಳು.

೧೯೩೯ ಮಾರ್ಚ್ ೧೨

ಬಹಳ ದಿನ ಬರೆದಿರಲಿಲ್ಲ. ಕುಯ್ಲು ಜೋರಿದೆ. ಲಂಗೋಟಿಗಳನ್ನು ಸರೋಜಾ ದಪ್ಪ ಖಾದಿಯಲ್ಲಿ ಹೊಲಿದಳು. ಬಿಗಿ ಚೆನ್ನಾಗಿದೆ, ಆದರೆ ಒರಟು. ಮುಂದಿನದಕ್ಕೆ ಗಿರಣಿ ಬಟ್ಟೆಯೇ ಆಗಲಿ ಎಂದಿದ್ದೇನೆ. ಸಂಘದಲ್ಲಿ ವ್ರತ ಬಿಟ್ಟ ಸಂಗತಿಯನ್ನು ಗಂಟು, ಹಾನಗಲ್ಲಿನ ಡಾಕ್ಟರ ಸಮೇತ ಹೇಳಿದಾಗ ಅಧ್ಯಕ್ಷರು ಮುಖ ಗಂಟು ಹಾಕಿಕೊಂಡರು. ಆದರೆ ಸಭೆ ಮುಗಿದ ಮೇಲೆ ಪಕ್ಕದ ತೋಟದ ಗೋಣೆಪ್ಪ ನನ್ನ ಹಿಂದೆಯೇ ನಮ್ಮ ಓಣಿಯವರೆಗೆ ಬಂದು, ಅತ್ತ ಇತ್ತ ನೋಡಿ, ‘ಹಾನಗಲ್ಲ ಡಾಕ್ಟರು ಬೈತಾರೇನೋ?’ ಎಂದು ಪಿಸುಗುಟ್ಟಿದ. ಇವನಿಗೂ ಮೂರು ವರ್ಷದಿಂದ ಇದೆಯಂತೆ. ಇವನ ಬಳಿಯೂ ಅದೇ ಪುಸ್ತಿಕೆ. ಇನ್ನಿಬ್ಬರು ಅವನ ಬೆನ್ನಿಗೇ ಬಂದರು.

ನಿನ್ನೆ ನಾಲ್ವರೂ ಹಾನಗಲ್ಲಿಗೆ ಹೋಗಿ ಬಂದೆವು. ಕೊಳವೆಗಳು ಸಾಲಾಗಿ ನಿಂತವು. ತಾಸು ತುಂಬುವವರೆಗೆ ಯಾರನ್ನೂ ಎದ್ದು ಹೋಗಲು ಬಿಡಲಿಲ್ಲ ನಾನು. ಮೂವರದೂ ಸಾವಕಾಶ ಇಳಿಯಿತು. ಡಾಕ್ಟರು ಎಲ್ಲರಿಗೂ ಒಂದೇ ಮಾತು ಹೇಳಿದರು, ಬೈದೇ ಹೇಳಿದರು. ಗೋಣೆಪ್ಪ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ಸುಮ್ಮನೆ ಸ್ವಲ್ಪ ಹೊತ್ತು ಅತ್ತ. ಆಮೇಲೆ ಎರಡು ತಟ್ಟೆ ಮಿರ್ಚಿ ತಿಂದ.

ಮನೆಗಳಲ್ಲಿ ಎತ್ತು ಕೊಳ್ಳಲು ಹೋಗುತ್ತೇವೆ ಎಂದು ಹೇಳಿದ್ದೆವು. ಇಂದು ಬೆಳಗ್ಗೆ ಗೋಣೆಪ್ಪ ಎಲೆಪೆಂಡಿ ಕೊಡಲು ಬಂದಾಗ ಅವ್ವ ಹಿಡಿದು ನಿಲ್ಲಿಸಿದಳು.

‘ನಾಕ ಮಂದಿ ಗಂಡಸರು ಹೋಗಿ ಬರಿಗೈಲೆ ಬಂದೀರಲ್ಲೋ! ಒಂದೂ ಎತ್ತು ಪಸಂದ ಬೀಳಲಿಲ್ಲೇನು?’

ಸರೋಜಾ ಕದದ ಹಿಂದೆ ನಿಂತಿದ್ದಳು. ಗೋಣೆಪ್ಪ ನನ್ನನ್ನೊಮ್ಮೆ ನೋಡಿದ. ಮೂರು ವರ್ಷದಲ್ಲಿ ಅವನ ಮುಖ ಅಷ್ಟು ಹಗುರಾಗಿದ್ದನ್ನು ನಾನು ಕಂಡಿರಲಿಲ್ಲ.

‘ಎಲ್ಲಾ ತಪಾಸ ಮಾಡಿ ಬಂದ್ವಿ ಯವ್ವಾ,’ ಎಂದ. ‘ನಮ್ಮವ ಛಲೋ ಅದಾವ.’